ಗೂಗಲ್ ಕೀವರ್ಡ್ ಪ್ಲಾನರ್: ಮೂರು ವರ್ಷ ಬಳಸಿದ ಉಪ್ಪಿನಕಾಯಿ ವ್ಯಾಪಾರಿಯ ಅನುಭವ

ಸಾಗರದ ಹತ್ತಿರ ನಮ್ಮದು ಮನೆ ಉಪ್ಪಿನಕಾಯಿಯ ಸಣ್ಣ ವ್ಯಾಪಾರ. ವೆಬ್‌ಸೈಟಿನ ಬರಹವೆಲ್ಲ ನನ್ನದೇ. ಯಾವ ಪದ ಹಿಡಿದು ಪುಟ ಬರೆಯಬೇಕು ಅಂತ ನೋಡಲು ಮೂರು ವರ್ಷದಿಂದ ಕೀವರ್ಡ್ ಪ್ಲಾನರ್ ಬಳಸುತ್ತಿದ್ದೇನೆ. ಪುಕ್ಕಟೆ, ಗೂಗಲ್ ಆಡ್ಸ್ ಖಾತೆ ಇದ್ದರೆ ಆಯಿತು.

ಒಂದು ಪದವನ್ನು ಜನ ಗೂಗಲ್‌ನಲ್ಲಿ ಎಷ್ಟು ಸಲ ಹುಡುಕುತ್ತಾರೆ ಅಂತ ಇದು ತೋರಿಸುತ್ತದೆ. ಆದರೆ ಜಾಹೀರಾತಿಗೆ ದುಡ್ಡು ಹಾಕದವರಿಗೆ ಸಿಗುವುದು ಅಂದಾಜು ಮಾತ್ರ. ತಿಂಗಳಿಗೆ 100ರಿಂದ 1,000, ಇಲ್ಲವೇ 1,000ದಿಂದ 10,000, ಹೀಗೆ. 120 ಸಲ ಹುಡುಕುವ ಪದವೂ 900 ಸಲ ಹುಡುಕುವ ಪದವೂ ನೋಡೋಕೆ ಒಂದೇ.

ನಾನು ಎಡವಿದ್ದು 'ಕಾಂಪಿಟಿಷನ್' ಕಾಲಂನಲ್ಲಿ. 'ಲೋ' ಅಂತ ಕಂಡಿತು, ಸುಲಭ ಅಂದುಕೊಂಡೆ. 'ಮಾವಿನಕಾಯಿ ಉಪ್ಪಿನಕಾಯಿ ಮಾಡುವ ವಿಧಾನ' ಅಂತ ಎರಡು ವಾರ ಕೂತು ಉದ್ದದ ಪುಟ ಬರೆದೆ. ಆ ಕಾಲಂ ಹೇಳುವುದು ಜಾಹೀರಾತು ಕೊಡುವವರ ಪೈಪೋಟಿಯನ್ನು ಅಂತ ಗೊತ್ತಾಗಿದ್ದು ಆಮೇಲೆ. ಹುಡುಕಿ ನೋಡಿದರೆ ಮೊದಲ ಪುಟದ ತುಂಬಾ ಯೂಟ್ಯೂಬ್ ವಿಡಿಯೊ, ದೊಡ್ಡ ಅಡುಗೆ ಸೈಟುಗಳು. ಅದೂ ಅಲ್ಲದೆ, ಮಾಡುವ ವಿಧಾನ ಹುಡುಕುವವರು ಮನೆಯಲ್ಲೇ ಹಾಕಿಕೊಳ್ಳುತ್ತಾರೆ. ನಮ್ಮ ಬಾಟಲಿ ಯಾಕೆ ತಗೋತಾರೆ, ಅಲ್ವಾ?

ಅಪ್ಪೆಮಿಡಿಯದು ಉಲ್ಟಾ ಕಥೆ. ದುಡ್ಡು ಕೊಟ್ಟು ಒಂದು ತಿಂಗಳು ಬಳಸಿದ ಬೇರೊಂದು ಟೂಲ್ 'ಅಪ್ಪೆಮಿಡಿ ಆನ್‌ಲೈನ್'ಗೆ ಸೊನ್ನೆ ತೋರಿಸಿತ್ತು. ಯಾವ ಪದಕ್ಕೆ ನಮ್ಮ ಸೈಟ್ ಎಷ್ಟನೇ ಜಾಗದಲ್ಲಿ ಕಾಣುತ್ತದೆ ಅಂತ ತೋರಿಸುವ ಗೂಗಲ್‌ನದೇ ಸರ್ಚ್ ಕನ್ಸೋಲ್ ತೆಗೆದರೆ, ಅದೇ ಪದಕ್ಕೆ ನಮ್ಮ ಸೈಟ್ 14ನೇ ಜಾಗದಲ್ಲಿ ಆಗಲೇ ಕಾಣಿಸುತ್ತಿತ್ತು! ಇಂಗ್ಲಿಷ್ ಅಕ್ಷರದಲ್ಲಿ ಬರೆಯುವವರು ಒಬ್ಬೊಬ್ಬರು ಒಂದೊಂದು ಥರ: ಕೆಲವರು ಒಂದು 'ಪಿ', ಕೆಲವರು ಎರಡು, ಕೆಲವರು ಅಪ್ಪೆಗೂ ಮಿಡಿಗೂ ನಡುವೆ ಜಾಗ ಬಿಟ್ಟು. ಕನ್ನಡದಲ್ಲೇ ಬರೆಯುವವರು ಬೇರೆ. ಎಲ್ಲ ಸೇರಿಸಿದರೂ ದೊಡ್ಡ ಸಂಖ್ಯೆಯೇನಲ್ಲ. ಆದರೆ ಇವರೆಲ್ಲ ಕೊಳ್ಳಲು ಬಂದವರು. ಅವರಿಗಾಗಿ ಒಂದು ಪುಟ ಬರೆದೆ: ಮಿಡಿ ಎಲ್ಲಿಯದು, ಸೊನೆ ಪರಿಮಳ ಹೇಗೆ, ಉಪ್ಪಿನಲ್ಲಿ ಎಷ್ಟು ದಿನ ಇಡುತ್ತೇವೆ, ಅರ್ಧ ಕೆಜಿಗೆ ಎಷ್ಟು ಮಿಡಿ ಬರುತ್ತವೆ. ಈಗ ಜಾಸ್ತಿ ಆರ್ಡರ್ ಬರುವುದು ಆ ಪುಟದಿಂದ.

ಹಾಗಾಗಿ ಈಗ ಪ್ಲಾನರ್ ತೆಗೆಯುವುದು ಹೊಸ ಪದ ಹೊಳೆಯಲಿ ಅಂತ ಮಾತ್ರ. ತೀರ್ಮಾನ ಸರ್ಚ್ ಕನ್ಸೋಲ್ ನೋಡಿ. ಅದರಲ್ಲಿ 16 ತಿಂಗಳ ಲೆಕ್ಕ ಇರುತ್ತದೆ, ಹೋದ ವರ್ಷದ ಮಿಡಿ ಕಾಲಕ್ಕೆ ಈ ವರ್ಷದ್ದನ್ನು ಹೋಲಿಸಬಹುದು. 11ರಿಂದ 20ನೇ ಜಾಗದಲ್ಲಿರುವ, ಅಂದರೆ ಮೊದಲ ಪುಟಕ್ಕೆ ಹತ್ತಿರ ಬಂದಿರುವ ಪದಗಳನ್ನೇ ಮೊದಲು ಹಿಡಿಯುತ್ತೇನೆ.

ಪ್ಲಾನರ್‌ಗೆ ಐದಕ್ಕೆ ಮೂರು ಕೊಡುತ್ತೇನೆ. ಆ 'ಮಾಡುವ ವಿಧಾನ'ದ ಪುಟ ಇನ್ನೂ ಸೈಟಿನಲ್ಲಿದೆ. ನಮ್ಮ ಅತ್ತೆ ಓದಿದ್ದಾರೆ. ಉಪ್ಪಿನ ಅಳತೆ ತಪ್ಪಂತೆ.