ಆರಕೋಕ್ರ ಆಡುವ ಮುನ್ನ ಬೀಳುವ ಲೆಕ್ಕ ತಿಳಿದಿರಲಿ

ದಾಳ ಉರುಳಿಸಿ ಕಾಲ್ಪನಿಕ ಪಾತ್ರಗಳನ್ನು ಆಡಿಸುವ ಮೇಜಿನಾಟ ಡಂಜನ್ಸ್ ಅಂಡ್ ಡ್ರ್ಯಾಗನ್ಸ್‌ನ (ಡಿ ಅಂಡ್ ಡಿ) ಐದನೇ ಆವೃತ್ತಿಯಲ್ಲಿ ಆರಕೋಕ್ರ ಎಂಬ ಹಕ್ಕಿಮಂದಿಗೆ ಎರಡು ರೂಪಗಳಿವೆ. ಮೊದಲನೆಯದು 2015ರಲ್ಲಿ ಉಚಿತ ಪಿಡಿಎಫ್ ಆಗಿ ಬಂದ ‘ಎಲಿಮೆಂಟಲ್ ಈವಿಲ್ ಪ್ಲೇಯರ್ಸ್ ಕಂಪ್ಯಾನಿಯನ್’ನಲ್ಲಿದೆ. ಎರಡನೆಯದು 2022ರ ‘ಮಾನ್‌ಸ್ಟರ್ಸ್ ಆಫ್ ದ ಮಲ್ಟಿವರ್ಸ್’ನಲ್ಲಿ ತಿದ್ದುಪಡಿಯೊಂದಿಗೆ ಮತ್ತೆ ಅಚ್ಚಾಯಿತು. ಎರಡರಲ್ಲಿ ಹೊಸದೇ ಮೇಲು. ಆದರೆ ಹಳೆಯದರಲ್ಲಿ ಟೇಬಲ್ಲಿನ ಹದ ಕೆಡಿಸುತ್ತಿದ್ದ ಅಂಶ ಯಾವುದೋ ಅದು ಹೊಸದರಲ್ಲೂ ಅಲುಗಾಡದೆ ಕೂತಿದೆ. ತಿದ್ದಿದವರು ಕತ್ತರಿಸಿದ್ದು ವೇಗವನ್ನು. ತೊಂದರೆ ಇದ್ದದ್ದು ಎತ್ತರದಲ್ಲಿ.

ಹಳೆಯ ರೂಪದಲ್ಲಿ ನಡಿಗೆ 25 ಅಡಿ, ಹಾರಾಟ 50 ಅಡಿ, ಡೆಕ್ಸ್‌ಟೆರಿಟಿಗೆ (ಚುರುಕು) 2, ವಿಸ್ಡಮ್‌ಗೆ (ವಿವೇಕ) 1 ಹೆಚ್ಚುವರಿ ಅಂಕ, ಉಗುರಿನ ಹೊಡೆತಕ್ಕೆ 1ಡಿ4, ಅಂದರೆ ನಾಲ್ಕು ಮುಖದ ಒಂದು ದಾಳ. ಹೊಸದರಲ್ಲಿ ನಡಿಗೆ 30, ಹಾರಾಟವೂ ನಡಿಗೆಯಷ್ಟೇ. ಉಗುರು 1ಡಿ6ಕ್ಕೆ ಏರಿದೆ, ಅಂಕಗಳನ್ನು ಬೇಕಾದಲ್ಲಿ ಹಾಕಿಕೊಳ್ಳಬಹುದು. 2024ರ ನಿಯಮಗಳಲ್ಲಿ ಆಡುವವರಿಗೆ ಆ ಅಂಕಗಳು ಹೇಗೂ ಪಾತ್ರದ ಹಿನ್ನೆಲೆಯಿಂದಲೇ ಬರುತ್ತವೆ. ಮೀಡಿಯಂ ಅಥವಾ ಹೆವಿ ಕವಚ ತೊಟ್ಟರೆ ಹಾರುವಂತಿಲ್ಲ ಎಂಬ ಷರತ್ತು ಎರಡರಲ್ಲೂ ಇದೆ.

ಈಗ ಎತ್ತರದ ಮಾತು. ಮೊದಲ ಲೆವೆಲ್ಲಿನ ಆರಕೋಕ್ರ ರೋಗ್ (ಮರೆಯಿಂದ ಹೊಡೆಯುವ ಕಳ್ಳನ ಪಾತ್ರ) ಒಬ್ಬ ಶಾರ್ಟ್‌ಬೋ ಹಿಡಿದು 75 ಅಡಿ ಮೇಲೆ ನಿಂತ ಎಂದುಕೊಳ್ಳಿ. ಶಾರ್ಟ್‌ಬೋ ಸರಾಗವಾಗಿ ಮುಟ್ಟುವ ದೂರ 80 ಅಡಿ, ಹಾಗಾಗಿ ನೇರ ಕೆಳಗಿರುವವರಿಗೆ ಅವನ ಬಾಣ ಯಾವ ಅಡ್ಡಿಯೂ ಇಲ್ಲದೆ ತಾಗುತ್ತದೆ. ಕೆಳಗಿರುವ ತೋಳಕ್ಕೆ, ಝಾಂಬಿಗೆ ಅವನನ್ನು ಮುಟ್ಟುವ ದಾರಿಯೇ ಇಲ್ಲ. ಓಗರ್ ಎಸೆಯುವ ಜ್ಯಾವೆಲಿನ್‌ಗೆ 30 ಅಡಿ ದಾಟಿದರೆ ಡಿಸ್‌ಅಡ್ವಾಂಟೇಜ್, ಅಂದರೆ ತಾಗುವ ಸಾಧ್ಯತೆ ಕಡಿಮೆ. ಈ ಸನ್ನಿವೇಶದಲ್ಲಿ ಹಾರಾಟದ ವೇಗ 50 ಆಗಿದ್ದರೂ ಒಂದೇ, 30 ಆಗಿದ್ದರೂ ಒಂದೇ. ಒಂದು ಸುತ್ತು ಹೆಚ್ಚು ಹಿಡಿಯುತ್ತದೆ, ಅಷ್ಟೇ ವ್ಯತ್ಯಾಸ. ಅಡ್ವೆಂಚರರ್ಸ್ ಲೀಗ್‌ನ ಸಂಘಟಿತ ಆಟಗಳಲ್ಲಿ ಮೊದಲ ಲೆವೆಲ್ಲಿಗೇ ಹಾರುವ ಜನಾಂಗಗಳನ್ನು ಬಹುಕಾಲ ದೂರ ಇಟ್ಟಿದ್ದು ಸುಮ್ಮನೆ ಅಲ್ಲ.

ಹಾಗಾದರೆ ಇದಕ್ಕೆ ಕಡಿವಾಣವೇ ಇಲ್ಲವೇ? ಇದೆ, ಆದರೆ ಆರಕೋಕ್ರದ ಪುಟದಲ್ಲಿಲ್ಲ, ಬೀಳುವ ನಿಯಮದಲ್ಲಿದೆ. ಪ್ರೋನ್ ಆದರೆ (ಉರುಳಿಬಿದ್ದ ಸ್ಥಿತಿ), ವೇಗ ಸೊನ್ನೆಯಾದರೆ, ಪ್ರಜ್ಞೆ ತಪ್ಪಿದರೆ ಹಾರುತ್ತಿದ್ದವನು ಬೀಳುತ್ತಾನೆ. ಪ್ರತಿ 10 ಅಡಿಗೆ 1ಡಿ6 ಪೆಟ್ಟು, ಗರಿಷ್ಠ 20ಡಿ6. ಆಟಗಾರರಿಗೆ ಇಷ್ಟು ಗೊತ್ತಿರುತ್ತದೆ. ಲೆಕ್ಕದಿಂದ ತಪ್ಪಿಹೋಗುವುದು ಇದರ ಜೊತೆಗೆ ಸೇರುವ ಇನ್ನೊಂದು ನಿಯಮ: ಸೊನ್ನೆ ಹಿಟ್ ಪಾಯಿಂಟ್‌ನಲ್ಲಿರುವವನಿಗೆ (ಹಿಟ್ ಪಾಯಿಂಟ್ ಎಂದರೆ ಪಾತ್ರ ತಡೆಯಬಲ್ಲ ಪೆಟ್ಟಿನ ಲೆಕ್ಕ) ಅವನ ಗರಿಷ್ಠ ಹಿಟ್ ಪಾಯಿಂಟ್‌ನಷ್ಟು ಪೆಟ್ಟು ಒಮ್ಮೆಗೇ ಬಿದ್ದರೆ ಡೆತ್ ಸೇವ್ (ಜೀವ ಉಳಿಸಿಕೊಳ್ಳುವ ದಾಳದ ಅವಕಾಶ) ಕೂಡ ಸಿಗುವುದಿಲ್ಲ, ನೇರ ಸಾವು.

ನಮ್ಮ ರೋಗ್‌ಗೆ ಗರಿಷ್ಠ 10 ಹಿಟ್ ಪಾಯಿಂಟ್ ಇದೆ ಎನ್ನಿ. ಅವನು 30 ಅಡಿ ಎತ್ತರದಲ್ಲಿದ್ದಾನೆ, ಗಾಬ್ಲಿನ್‌ಗಳ ಬಾಣ ಅವನನ್ನು ಸೊನ್ನೆಗೆ ಇಳಿಸಿತು. ಪ್ರಜ್ಞೆ ಹೋಯಿತು, ಬಿದ್ದ, 3ಡಿ6. ಮೂರು ದಾಳಗಳಲ್ಲಿ 10 ಅಥವಾ ಹೆಚ್ಚು ಬೀಳುವ ಸಾಧ್ಯತೆ ಶೇಕಡಾ 62.5. ಅಂದರೆ ಎಂಟು ಸಲದಲ್ಲಿ ಐದು ಸಲ ಪಾತ್ರ ಅಲ್ಲೇ ಮುಗಿಯಿತು. ಅದೇ 20 ಅಡಿಯಲ್ಲಿದ್ದರೆ 2ಡಿ6, ಸಾವಿನ ಸಾಧ್ಯತೆ ಆರರಲ್ಲಿ ಒಂದು. 10 ಅಡಿಯಿಂದಾದರೆ ಒಂದು ಡೆತ್ ಸೇವ್ ವಿಫಲ ಎಂದು ಗುರುತು ಹಾಕಿಕೊಂಡು ಗೆಳೆಯರ ಸಹಾಯಕ್ಕೆ ಕಾಯಬಹುದು. ಇನ್ನು 75 ಅಡಿಯಿಂದ 7ಡಿ6; ಪ್ರಜ್ಞೆ ತಪ್ಪಿ ಬಿದ್ದರೆ ಉಳಿಯುವ ಆಸೆ ಬಿಡುವುದೇ ಲೇಸು. ರೆಕ್ಕೆ ಕಳೆದುಕೊಂಡ ಜಟಾಯುವಿಗೆ ರಾಮ ಬರುವ ತನಕವಾದರೂ ಜೀವ ಹಿಡಿದುಕೊಳ್ಳಲು ಅವಕಾಶವಿತ್ತು, ಇವನಿಗೆ ಅದೂ ಇಲ್ಲ.

ಐದನೇ ಲೆವೆಲ್ಲಿಗೆ ಚಿತ್ರ ಬದಲಾಗುತ್ತದೆ. ಆಗ ಅದೇ ರೋಗ್‌ಗೆ ಸುಮಾರು 38 ಹಿಟ್ ಪಾಯಿಂಟ್ ಇರುತ್ತದೆ, 3ಡಿ6 ಎಷ್ಟೇ ಕೆಟ್ಟು ಬಿದ್ದರೂ 18 ದಾಟದು. ಅದೇ ಹೊತ್ತಿಗೆ ವಿಝರ್ಡ್‌ಗೆ ‘ಫ್ಲೈ’ ಮಂತ್ರವೂ ಕೈಗೆ ಬಂದಿರುತ್ತದೆ, ಹಾರಾಟ ಯಾರೊಬ್ಬರ ಸೊತ್ತಾಗಿ ಉಳಿಯುವುದಿಲ್ಲ. ಹೀಗಾಗಿ ಆರಕೋಕ್ರದ ಅತಿಯಾದ ಬಲವೂ ಅತಿಯಾದ ಅಪಾಯವೂ ಒಂದರಿಂದ ನಾಲ್ಕನೇ ಲೆವೆಲ್ಲಿನ ನಡುವೆಯೇ. ಆ ಹಂತದಲ್ಲಿ 20 ಅಡಿ ಮೇಲೆ ಹೋಗದೆ ಆಡುವುದು ಜಾಣತನ. ಬೀಳುವವರನ್ನು ಮೆಲ್ಲಗಿಳಿಸುವ ‘ಫೆದರ್ ಫಾಲ್’ ಮಂತ್ರ ಬಲ್ಲ ಗೆಳೆಯನಿದ್ದರೆ ಅವನಿಂದ 60 ಅಡಿಯೊಳಗೇ ಇರಿ. ಆ ಮಂತ್ರವನ್ನು ನೀವೇ ಕಲಿತಿದ್ದೀರಿ ಎಂಬ ಧೈರ್ಯ ಬೇಡ, ಪ್ರಜ್ಞೆ ತಪ್ಪಿದವನು ಮಂತ್ರ ಹಾಕಲಾರ.

‘ಝ್ಯಾನಥಾರ್ಸ್ ಗೈಡ್’ನಲ್ಲಿ ಒಂದು ಐಚ್ಛಿಕ ನಿಯಮವಿದೆ: ಬಿದ್ದ ದೂರದಿಂದ ಹಾರಾಟದ ವೇಗವನ್ನು ಕಳೆದು ಪೆಟ್ಟಿನ ಲೆಕ್ಕ ಹಾಕಬಹುದು. ಹಳೆಯ ರೂಪಕ್ಕೆ ಇದರಿಂದ 50 ಅಡಿ ರಿಯಾಯಿತಿ ಸಿಗುತ್ತಿತ್ತು, ಹೊಸದಕ್ಕೆ 30. ವೇಗ ಕಡಿತದ ಬಿಸಿ ನಿಜವಾಗಿ ತಟ್ಟುವುದು ಇಲ್ಲಿ. ಆದರೆ ಪ್ರೋನ್ ಆಗಿಯೂ ಎಚ್ಚರವಿರುವವನಿಗೆ ಮಾತ್ರ ಈ ರಿಯಾಯಿತಿ ಉಪಯೋಗಕ್ಕೆ ಬರುತ್ತದೆ.

ಹಳೆಯ ಕಾಲದ ವಿನ್ಯಾಸಕರು ಇದನ್ನು ಇನ್ನೂ ಚೆನ್ನಾಗಿ ನಿಭಾಯಿಸಿದ್ದರು ಎನ್ನಬೇಕು. 1981ರ ‘ಫೀಂಡ್ ಫೋಲಿಯೊ’ದಲ್ಲಿ ಕಾಣಿಸಿಕೊಂಡ ಈ ಜನಾಂಗಕ್ಕೆ ಅಡ್ವಾನ್ಸ್‌ಡ್ ಡಿ ಅಂಡ್ ಡಿ ಕಾಲದ ವರ್ಣನೆಯಲ್ಲಿ ಕೈಗಳಿದ್ದದ್ದು ರೆಕ್ಕೆಯ ಅಂಚಿನ ಮಧ್ಯದಲ್ಲಿ. ರೆಕ್ಕೆ ಬಡಿಯುವಾಗ ಆ ಕೈಗಳಿಗೆ ಬೇರೆ ಕೆಲಸ ಸಾಧ್ಯವಿಲ್ಲ, ಗಾಳಿಯಲ್ಲಿ ಜ್ಯಾವೆಲಿನ್ ಹಿಡಿಯುತ್ತಿದ್ದದ್ದು ಕಾಲಿನಲ್ಲಿ. ಹಾರುತ್ತಾ ಬಿಲ್ಲು ಎಳೆಯುವ ಪ್ರಶ್ನೆಯೇ ಏಳುತ್ತಿರಲಿಲ್ಲ. ಜೊತೆಗೆ ರೆಕ್ಕೆಯ ಹರವು 20 ಅಡಿ, ಗುಹೆಯೊಳಗೆ ಹೋದರೆ ಉಸಿರು ಕಟ್ಟಿದಂತಾಗುವ ಭಯ. ಈಗಿನ ರೂಪದಲ್ಲಿ ಆ ಅಡ್ಡಿಗಳು ನಿಯಮವಾಗಿ ಉಳಿದಿಲ್ಲ. ಹತ್ತು ಅಡಿ ಅಗಲದ ಓಣಿಯಲ್ಲಿ ಹಾರಬಹುದೇ ಎಂದು ಕೇಳಿದರೆ ಪುಸ್ತಕ ಸುಮ್ಮನಿರುತ್ತದೆ. ಡಿಎಂ (ಆಟ ನಡೆಸುವ ಡಂಜನ್ ಮಾಸ್ಟರ್) ಮೊದಲ ದಿನವೇ ತೀರ್ಮಾನ ಹೇಳಿಬಿಡಬೇಕು, ಜಗಳದ ಮಧ್ಯೆ ಅಲ್ಲ.

ಕ್ಲಾಸ್ (ಪಾತ್ರದ ಕಸುಬು) ಆಯ್ಕೆಗೆ ಬಂದರೆ, ಬರಿಗೈಲಿ ಕಾದಾಡುವ ಮಾಂಕ್ ಚೆನ್ನಾಗಿ ಹೊಂದುತ್ತದೆ. ಕವಚ ಬೇಡ, ಅನ್‌ಆರ್ಮರ್ಡ್ ಮೂವ್‌ಮೆಂಟ್‌ನಿಂದ ನಡಿಗೆ ಏರಿದಂತೆ ಹೊಸ ರೂಪದಲ್ಲಿ ಹಾರಾಟವೂ ಏರುತ್ತದೆ. ಎರಡನೇ ಲೆವೆಲ್ಲಿಗೆ 40 ಅಡಿ. ಉಗುರಿನ 1ಡಿ6 ಮಾತ್ರ ಹೇಳಿಕೊಳ್ಳುವಂಥದ್ದಲ್ಲ. 2014ರ ಮಾಂಕ್‌ಗೆ ಐದನೇ ಲೆವೆಲ್ಲಿಗೆ ಅದೇ ದಾಳ ಸಿಗುತ್ತದೆ, 2024ರ ಮಾಂಕ್‌ಗೆ ಮೊದಲಿಂದಲೇ ಇದೆ. ವಾರ್‌ಲಾಕ್‌ನ ಎಲ್ಡ್ರಿಚ್ ಬ್ಲಾಸ್ಟ್ ಮಂತ್ರ 120 ಅಡಿ ಮುಟ್ಟುವುದರಿಂದ ಅಪಾಯಕಾರಿ ಜೋಡಿ. ಲೆದರ್ ಕವಚದ ರೇಂಜರ್ ಸಹ ಸರಿ. ರೋಗ್ ಎಣಿಸಿದಷ್ಟು ಲಾಭದಾಯಕವಲ್ಲ. ಬಯಲು ಆಕಾಶದಲ್ಲಿ ಅವಿತುಕೊಳ್ಳಲು ಮರೆಯಿಲ್ಲ, ಸ್ನೀಕ್ ಅಟ್ಯಾಕ್‌ಗೆ (ರೋಗ್‌ನ ಹೆಚ್ಚುವರಿ ಪೆಟ್ಟು) ಶತ್ರುವಿನ ಪಕ್ಕ ಗೆಳೆಯನೊಬ್ಬ ಬೇಕೇ ಬೇಕಾಗುತ್ತದೆ. ಪ್ಯಾಲಡಿನ್ ಮಾಡಿ ಪ್ಲೇಟ್ ತೊಡಿಸಿದರೆ ರೆಕ್ಕೆ ಬರೀ ಅಲಂಕಾರ.

ಮೂರನೇ ಲೆವೆಲ್ಲಿನಿಂದ ದಿನಕ್ಕೊಮ್ಮೆ ಸಿಗುವ ‘ಗಸ್ಟ್ ಆಫ್ ವಿಂಡ್’ ಹೊಸ ರೂಪದ ಕೊಡುಗೆ. 60 ಅಡಿ ಉದ್ದ, 10 ಅಡಿ ಅಗಲದ ಗಾಳಿಸಾಲು, ಸ್ಟ್ರೆಂತ್ ಸೇವ್ (ಬಲದಿಂದ ತಡೆದುಕೊಳ್ಳುವ ದಾಳದ ಪರೀಕ್ಷೆ) ಸೋತವರನ್ನು 15 ಅಡಿ ಹಿಂದೆ ತಳ್ಳುತ್ತದೆ. ಸೇತುವೆ, ಬೆಟ್ಟದಂಚು, ವಿಷದ ಹೊಗೆ ಇದ್ದಾಗ ಒಳ್ಳೆಯದು. ಉಳಿದಂತೆ ಕಾನ್ಸಂಟ್ರೇಶನ್ (ಒಮ್ಮೆಗೆ ಒಂದೇ ಮಂತ್ರದ ಮೇಲಿಡಬಹುದಾದ ಗಮನ) ತಿನ್ನುವ ಸಾಧಾರಣ ಮಂತ್ರ.

ದೊಡ್ಡ ಕೊರತೆಯೊಂದಿದೆ: ಡಾರ್ಕ್‌ವಿಷನ್ (ಕತ್ತಲಲ್ಲಿ ಕಾಣುವ ಶಕ್ತಿ) ಇಲ್ಲ. ಬಿಲ್ಲಿಗೆ ಎರಡು ಕೈ ಬೇಕು, ಪಂಜಿಗೆ ಇನ್ನೊಂದನ್ನು ಎಲ್ಲಿಂದ ತರುವುದು? ತಂದರೂ ಕತ್ತಲಲ್ಲಿ ಹೊಳೆಯುತ್ತಾ ಹಾರುವವನೇ ಎಲ್ಲರ ಗುರಿ. ನೆಲದಡಿಯ ಕತೆ ಆಡುತ್ತಿದ್ದರೆ 2021ರ ‘ಸ್ಟ್ರಿಕ್ಸ್‌ಹೇವನ್’ನ ಔಲಿನ್ ಎಂಬ ಗೂಬೆಮಂದಿಯನ್ನು ನೋಡಿ. ಹಾರಾಟ ಅಷ್ಟೇ, 120 ಅಡಿ ಡಾರ್ಕ್‌ವಿಷನ್, ಸ್ಟೆಲ್ತ್ ಪರಿಣತಿ ಉಚಿತ. ಬರೀ ರೆಕ್ಕೆಗೋಸ್ಕರ ಆಯ್ಕೆ ಮಾಡುವವರಿಗೆ ಗೂಬೆಯೇ ವಾಸಿ.

ಡಿಎಂಗಳಿಗೆ: ಪ್ರತಿ ಕಾಳಗದಲ್ಲೂ ತಗ್ಗು ಸೂರು ಹಾಕಬೇಡಿ, ಹಾರಲೆಂದೇ ಆ ಆಟಗಾರ ಇದನ್ನು ಆರಿಸಿದ್ದಾನೆ. ಮೂರಕ್ಕೊಂದು ಸಲ ಕೆಳಗಿಳಿಸುವ ಉಪಾಯವಿದ್ದರೆ ಸಾಕು. ಜೈಂಟ್ ಸ್ಪೈಡರ್‌ನ ಬಲೆ 60 ಅಡಿವರೆಗೆ ಮುಟ್ಟುತ್ತದೆ, ಸಿಕ್ಕಿಬಿದ್ದವನ ವೇಗ ಸೊನ್ನೆ. ಕದಲದಂತೆ ಕಟ್ಟಿಹಾಕುವ ‘ಹೋಲ್ಡ್ ಪರ್ಸನ್’ ಮಂತ್ರ ಕೂಡ ಅಷ್ಟೇ. ಪಾತ್ರವನ್ನು ಕೊಲ್ಲದೆ ಇಳಿಸಬೇಕೆಂದರೆ ‘ಅರ್ಥ್‌ಬೈಂಡ್’ ಹಾಕಿ. 300 ಅಡಿ ದೂರದಿಂದ ಕೆಲಸ ಮಾಡುತ್ತದೆ, ಪೆಟ್ಟಿಲ್ಲದೆ ಪ್ರತಿ ಸುತ್ತಿನಲ್ಲಿ 60 ಅಡಿಯಂತೆ ಕೆಳಗಿಳಿಸುತ್ತದೆ. ರೆಕ್ಕೆ ಕೊಟ್ಟ 2015ರ ಆ ಕಿರುಪುಸ್ತಕದಲ್ಲೇ ಈ ಮಂತ್ರವೂ ಇದೆ.

ಗೆಳೆಯರನ್ನು ಹೊತ್ತು ಹಾರುವ ಆಸೆ ಎಲ್ಲರಿಗೂ ಬರುತ್ತದೆ. ಸ್ಟ್ರೆಂತ್ 10 ಇದ್ದರೆ ಹೊರುವ ಮಿತಿ 150 ಪೌಂಡ್. 40 ಪೌಂಡಿನ ಹಾಫ್ಲಿಂಗ್ ಸಾಮಾನು ಸಮೇತ ಸಲೀಸು. 55 ಪೌಂಡಿನ ಚೈನ್ ಮೇಲ್ ತೊಟ್ಟ ಮನುಷ್ಯ ಫೈಟರ್ ಆಗದು. ಮಿತಿ ದಾಟಿದ ಕೂಡಲೇ ವೇಗ 5 ಅಡಿಗೆ ಇಳಿಯುತ್ತದೆ.

ಕೊಳ್ಳುವವರು ಗಮನಿಸಿ: ಆಟದ ಅಧಿಕೃತ ಜಾಲತಾಣ ಡಿ ಅಂಡ್ ಡಿ ಬಿಯಾಂಡ್‌ನಲ್ಲಿ ಒಂದೊಂದೇ ಜನಾಂಗವನ್ನು ಬಿಡಿಯಾಗಿ ಕೊಳ್ಳುವ ಸೌಲಭ್ಯ 2024ರಲ್ಲಿ ನಿಂತಿತು. ಮೂವತ್ತಕ್ಕೂ ಹೆಚ್ಚು ಜನಾಂಗಗಳು, 250ಕ್ಕೂ ಹೆಚ್ಚು ರಾಕ್ಷಸರಿರುವ ‘ಮಾನ್‌ಸ್ಟರ್ಸ್ ಆಫ್ ದ ಮಲ್ಟಿವರ್ಸ್’ ಇಡೀ ಪುಸ್ತಕ ಡಿಎಂಗೆ ಹಣಕ್ಕೆ ಮೋಸವಿಲ್ಲದ ಸರಕು. ಆಟಗಾರ ಮಾತ್ರ ಆರಕೋಕ್ರ ಒಂದಕ್ಕಾಗಿ ಅದನ್ನು ಕೊಳ್ಳಬೇಕಿಲ್ಲ. ಹಳೆಯ ಪಿಡಿಎಫ್ ಇದ್ದರೆ ಹಾರಾಟವನ್ನು 30ಕ್ಕೆ ಇಳಿಸಿ, ನಡಿಗೆಯನ್ನು 30ಕ್ಕೆ ಏರಿಸಿ, ಉಗುರನ್ನು 1ಡಿ6 ಮಾಡಿ ಡಿಎಂ ಒಪ್ಪಿಗೆ ಪಡೆದರೆ ಆಯಿತು.