ಹಳೆಯ ರೈಲೋ, ಹಳೆಯ ಕಂಪ್ಯೂಟರೋ?

ಹವ್ಯಾಸಕ್ಕೆ ಯಾವುದನ್ನು ಹಿಡಿಯುವುದು? ಎರಡೂ ಹಳತಿನ ಹುಚ್ಚೇ. ಆದರೆ ಒಂದು ಮನೆಯಿಂದ ಹೊರಗೆಳೆಯುತ್ತದೆ, ಇನ್ನೊಂದು ಮೇಜಿಗೆ ಅಂಟಿಸುತ್ತದೆ.

ಖರ್ಚು ನೋಡಿ. ರೈಲಿಗೆ ಟಿಕೆಟ್ ಮತ್ತು ಓಡಾಟದ ವೆಚ್ಚ ಸಾಕು. ಎಂಜಿನ್ ಕೊಳ್ಳಲು ಯಾರೂ ಹೇಳುವುದಿಲ್ಲ. ಕಂಪ್ಯೂಟರ್ ಹವ್ಯಾಸವನ್ನು ಹಳೆಯ ಯಂತ್ರದಂತೆ ನಡೆದುಕೊಳ್ಳುವ ತಂತ್ರಾಂಶವಾದ ಎಮ್ಯುಲೇಟರ್‌ನಿಂದ ಆರಂಭಿಸಿದರೆ ಬಹುತೇಕ ಬಿಟ್ಟಿ. 1982ರ ಕಮೋಡೋರ್ 64 ಯಂತ್ರವೇ ಬೇಕೆಂದರೆ ಮಾತು ಬೇರೆ: ಅದರ ಹಳೆಯ ಪವರ್ ಸಪ್ಲೈ ಕೆಟ್ಟರೆ ಹೆಚ್ಚಿನ ವೋಲ್ಟೇಜ್ ಹರಿದು ಮೆಮೊರಿ ಚಿಪ್‌ಗಳು ಸುಟ್ಟುಹೋಗಬಹುದು. ಮೊದಲು ಹೊಸ ಸಪ್ಲೈ ಜೋಡಿಸಿ, ಆಮೇಲೆ ಸ್ವಿಚ್ ಒತ್ತಿ. ಬೇರೆ ಹಳೆಯ ಯಂತ್ರಗಳಲ್ಲಿ ಸೋರುವ ಬ್ಯಾಟರಿ, ಊದಿದ ಕೆಪಾಸಿಟರ್‌ಗಳ ಕಾಟವೂ ಇದ್ದೇ ಇದೆ. ಬೆಸುಗೆ ಕಡ್ಡಿ ಹಿಡಿಯಲು ಬೇಸರವಿದ್ದವರು ಎಮ್ಯುಲೇಟರ್‌ನಲ್ಲೇ ನಿಲ್ಲುವುದು ಒಳ್ಳೆಯದು.

ಜನರ ಒಡನಾಟ ಬೇಕಿದ್ದರೆ ನಾನು ರೈಲಿನ ಕಡೆಗೇ ವಾಲುತ್ತೇನೆ. ವೇಲ್ಸ್‌ನ ಟಾಲಿಲಿನ್ ಎಂಬ ಹಳೆಯ ಉಗಿರೈಲು ಮಾರ್ಗವನ್ನು 1951ರಲ್ಲಿ ಸ್ವಯಂಸೇವಕರು ಕೈಗೆತ್ತಿಕೊಂಡರು. ಇಂಥ ಕಡೆ ಹಳಿ ದುರಸ್ತಿ, ಬಣ್ಣ ಬಳಿಯುವುದು, ಟಿಕೆಟ್ ಕೊಡುವುದು ಎಲ್ಲಕ್ಕೂ ಕೈಗಳು ಬೇಕು. ಮೈ ಮಸಿಯಾಗುತ್ತದೆ, ಅದೇ ಅರ್ಧ ಸುಖ.

ಸಮಯದಲ್ಲಿ ಮಾತ್ರ ಕಂಪ್ಯೂಟರ್ ಉದಾರಿ. ಉಗಿಬಂಡಿ ತನ್ನ ವೇಳಾಪಟ್ಟಿಯಂತೆ ಓಡುತ್ತದೆ. ಕಂಪ್ಯೂಟರ್ ರಾತ್ರಿ ಹನ್ನೊಂದಕ್ಕೂ ಸಿದ್ಧ. ಪುಟ್ಟ ಮಕ್ಕಳಿರುವ ಮನೆಯವರಿಗೆ ಭಾನುವಾರದ ರೈಲು, ಬಿಡುವು ತುಣುಕು ತುಣುಕಾಗಿ ಸಿಗುವವರಿಗೆ ಕೀಬೋರ್ಡ್.