ಓಪನ್‌ಸಿವಿ ಭಾಳ ವರ್ಷ ಬಳಸಿ ಬರ್ದ ರಿವ್ಯೂ, ಹೊಸದಾಗಿ ಸುರು ಮಾಡೋರಿಗೆ

ಓಪನ್‌ಸಿವಿ ಅಂದ್ರ ಫೋಟೋ, ವಿಡಿಯೋದಾಗಿಂದ ಮಾಹಿತಿ ತಗಿಯೋ ಪ್ರೋಗ್ರಾಮಿಂಗ್ ಲೈಬ್ರರಿ. ಅದನ್ನ ಕಲೀಬೇಕ್ರಿ, ಎಲ್ಲಿಂದ ಸುರು ಮಾಡ್ಲಿ ಅಂತ ನಮ್ಮ ಕಲಬುರಗಿ ಡಿಪ್ಲೊಮಾ, ಇಂಜಿನಿಯರಿಂಗ್ ಹುಡುಗ್ರು ಕೇಳ್ತಾನೇ ಇರ್ತಾರ, ಅದಕ್ಕ ಬಳಸಿ ಬಳಸಿ ಗೊತ್ತಾಗಿದ್ದೆಲ್ಲ ಒಂದೇ ಕಡೆ ಬರೀಲಾಕತ್ತೀನಿ. ಐದಕ್ಕ ನಾಕೂವರೆ ಸ್ಟಾರ್. ಆ ಅರ್ಧ ಯಾಕ ಕಟ್ ಮಾಡೀನಿ ಅಂತ ಮುಂದ ಹೇಳ್ತೀನಿ.

ನಾನು ಬಳಸೋದು ಒಂದು ದಾಲ್ ಮಿಲ್ಲಿನ ಕೆಲಸಕ್ಕ. ತೊಗರಿಬ್ಯಾಳಿ ಸ್ಯಾಂಪಲ್ ಹರವಿ ಮೊಬೈಲ್‌ನಾಗ ಫೋಟೋ ಹೊಡದ್ರ ಅದರಾಗ ಚಲೋ ಬ್ಯಾಳಿ ಎಷ್ಟು, ನುಚ್ಚು ಎಷ್ಟು, ಬಣ್ಣ ಕೆಟ್ಟಿದ್ದೆಷ್ಟು ಅಂತ ಹೇಳಬೇಕು. ನಮ್ಮ ತೊಗರಿಗೆ 2019ರಾಗ ಜಿಐ ಟ್ಯಾಗ್ ಬ್ಯಾರೆ ಸಿಕ್ಕದ, ಗ್ರೇಡ್ ಅಂದ್ರ ಮಂದಿ ಕಣ್ಣಾಗ ಕಣ್ಣಿಟ್ಟು ನೋಡ್ತಾರ. ಡೆಮೊ ನೋಡಿದ ಮಿಲ್ ಸಾವ್ಕಾರ್ರು ಮೊದಲು ಕೇಳಿದ್ದೇ "ತಮ್ಮಾ, ಇದಕ್ಕ ವರ್ಷಕ್ಕ ಎಷ್ಟು ರೊಕ್ಕ ಕಟ್ಟಬೇಕು?" ಅಂತ. "ಒಂದು ಪೈಸೇನೂ ಇಲ್ರಿ ಸಾವ್ಕಾರ್ರೆ" ಅಂದೆ, ಖರೇನೂ ಹಂಗೇ ಅದ. 1999ರಾಗ ಇಂಟೆಲ್‌ನಾಗ ಗ್ಯಾರಿ ಬ್ರಾಡ್‌ಸ್ಕಿ ಸುರು ಮಾಡಿದ ಪ್ರಾಜೆಕ್ಟ್ ಇದು, ಮೊದಲು ಬಿಎಸ್‌ಡಿ ಲೈಸೆನ್ಸ್ ಇತ್ತು, 4.5 ವರ್ಶನ್‌ನಿಂದ ಅಪಾಚೆ 2 ಆಗ್ಯದ, ಎರಡರಾಗೂ ವ್ಯಾಪಾರಕ್ಕ ಬಳಸ್ಲಾಕ ತೊಂದ್ರಿ ಇಲ್ಲ. ಗ್ರಾಫಿಕ್ಸ್ ಕಾರ್ಡ್ ಇಲ್ಲದ ಹಳೇ ಲ್ಯಾಪ್‌ಟಾಪ್‌ನಾಗೂ ಓಡ್ತದ, ನಮ್ಮಂಥ ಊರಾಗ ಇದು ಸಣ್ಣ ಮಾತಲ್ಲ.

ಇನ್‌ಸ್ಟಾಲ್ ಭಾಳ ಸರಳ, ಟರ್ಮಿನಲ್‌ನಾಗ pip install opencv-python ಅಂತ ಹೊಡದ್ರ ಮುಗೀತು, ನಂಬರ್ ಪಟ್ಟಿ ಲೆಕ್ಕ ಮಾಡೋ ನಂಪೈ ಲೈಬ್ರರೀನೂ ಜೊತೀಗೆ ಬರ್ತದ. ಒಂದೇ ಎಚ್ಚರ, ಹೆಚ್ಚಿನ ಫಂಕ್ಷನ್ ಇರೋ ಕಾಂಟ್ರಿಬ್ ಪ್ಯಾಕೇಜ್ ಬೇಕಂದ್ರ ಅದೊಂದೇ ಹಾಕ್ರಿ, ಎರಡೂ ಒಟ್ಟಿಗೆ ಹಾಕಿದ್ರ ಒಂದರ ಮ್ಯಾಲ ಒಂದು ಕುಂತು ಗದ್ದಲ ಆಗ್ತದ. ಸ್ಕ್ರೀನ್ ಇಲ್ಲದ ಸರ್ವರ್‌ಗೆ ಹೆಡ್‌ಲೆಸ್ ಅಂತ ಬ್ಯಾರೆ ಪ್ಯಾಕೇಜ್ ಅದ.

ಇಲ್ಲಿಂದ ಮುಂದ ಹೊಸಬ್ರು ಸೀದಾ ಫೇಸ್ ಡಿಟೆಕ್ಷನ್‌ಗೆ ಓಡ್ತಾರ, ನನ್ನ ಮಾತು ಕೇಳ್ರಿ, ಓಡಬ್ಯಾಡ್ರಿ. ಮೊದಲ ವಾರ ಒಂದು ಫೋಟೋ ಓದಿ ಅದರ ಶೇಪ್ ಪ್ರಿಂಟ್ ಮಾಡಿ ಒಂದೊಂದು ಪಿಕ್ಸೆಲ್ ನಂಬರ್ ಕಣ್ಣಿಲೆ ನೋಡ್ರಿ. ಫೋಟೋ ಅಂದ್ರ ನಂಪೈ ಅರೇ, ಅಂದ್ರ ನಂಬರ್‌ಗಳ ಪಟ್ಟಿ ಅಷ್ಟೇ, ಶೇಪ್‌ನಾಗ ಮೊದಲು ಎತ್ತರ ಆಮ್ಯಾಲ ಅಗಲ, ಆದ್ರ ರೀಸೈಜ್ ಮಾಡುವಾಗ ಮೊದಲು ಅಗಲ ಕೊಡಬೇಕು, ಇದನ್ನ ಬಾಯಿಪಾಠ ಮಾಡ್ಕೊಳ್ರಿ. ಬಣ್ಣದ ಸಾಲೂ ಉಲ್ಟಾ, ಎಲ್ಲಾ ಕಡೆ ಕೆಂಪು, ಹಸಿರು, ನೀಲಿ ಅಂದ್ರ ಇಲ್ಲಿ ನೀಲಿ ಮೊದಲು. ಫೋಟೋ, ಗ್ರಾಫ್ ತೋರಿಸೋ ಮ್ಯಾಟ್‌ಪ್ಲಾಟ್‌ಲಿಬ್ ಲೈಬ್ರರಿನಾಗ ಹಂಗೇ ತೋರಿಸಿದ್ರ ಹಳದಿ ಬ್ಯಾಳಿ ನೀಲಿ ಕಾಣ್ತದ! ಸಿವಿಟಿಕಲರ್ (cvtColor) ಫಂಕ್ಷನ್‌ನಿಂದ ತಿರುಗಿಸಿ ತೋರಿಸ್ರಿ.

ಇನ್ನೊಂದು, ಫೈಲ್ ಪಾಥ್ ತಪ್ಪಿದ್ರ ಫೋಟೋ ಓದೋ ಇಮ್‌ರೀಡ್ ಫಂಕ್ಷನ್ ಎರರ್ ಕೊಟ್ಟು ನಿಲ್ಲಂಗಿಲ್ಲ, ಖಾಲಿ ವಾಪಸ್ ಕೊಟ್ಟು ಸುಮ್ಮನಾಗ್ತದ, ಹೊಸ ವರ್ಶನ್‌ನಾಗ ಒಂದು ವಾರ್ನಿಂಗ್ ಬರ್ತದ ಅಷ್ಟೇ. ಮುಂದಿನ ಲೈನ್‌ನಾಗ ಮೈನಸ್ 215 ಅಸರ್ಶನ್ ಫೇಲ್ಡ್ ಅಂತ ಉದ್ದಕ ಬಂದು ಹುಡುಗ್ರು ಕೋಡ್ ಎಲ್ಲಾ ತಿರುವಿ ಹಾಕ್ತಾರ. ಆ ಮೆಸೇಜ್‌ನಾಗ ಎಂಪ್ಟಿ ಅಂತ ಇದ್ರ ಮೊದಲು ಫೈಲ್ ಹೆಸರು ನೋಡ್ರಿ.

ಈಗ ಬ್ಯಾಳಿ ಎಣಿಸೋದು, ಇದರ ಮಜಾನೇ ಬ್ಯಾರೆ. ಕಪ್ಪು ಬಟ್ಟಿ ಮ್ಯಾಲ ಬ್ಯಾಳಿ ಹರವಬೇಕು, ಬಿಳಿ ಕಾಗದ ಆದ್ರ ನೆರಳು ಬಿದ್ದು ಅಂಚು ಕೆಡ್ತದ. ಆಮ್ಯಾಲ ಫೋಟೋನ ಎಚ್‌ಎಸ್‌ವಿಗೆ (ಬಣ್ಣ, ಅದರ ಗಾಢತೆ, ಬೆಳಕು ಬ್ಯಾರೆ ಬ್ಯಾರೆ ಇಡೋ ಪದ್ಧತಿಗೆ) ತಿರುಗಿಸಿ ಹಳದಿ ಮಾತ್ರ ಆರಿಸ್ಕೋಬೇಕು. ಪುಸ್ತಕದಾಗ ಬಣ್ಣದ ಚಕ್ರದ 360 ಡಿಗ್ರಿಯೊಳಗ ಹಳದಿ 60 ಡಿಗ್ರಿ ಅಂತ ಇರ್ತದ, ಆದ್ರ 8 ಬಿಟ್‌ನಾಗ (255ರ ತನಕ ಮಾತ್ರ) 360 ಹಿಡಿಯಂಗಿಲ್ಲ ಅಂತ ಓಪನ್‌ಸಿವಿ ಅದನ್ನ ಅರ್ಧ ಮಾಡಿ 0ಯಿಂದ 179ರ ತನಕ ಇಡ್ತದ, ಹಂಗಾಗಿ 30ರ ಸುತ್ತ ಹುಡುಕಬೇಕು, ಬ್ಯಾಳಿ ಸ್ವಲ್ಪ ಕೇಸರಿ ಕಡೆ ಇರೋದಕ್ಕ ಅದಕ್ಕೂ ಕೆಳಗ ಇಳೀಬೇಕು. ಕಾಳು ಒಂದಕ್ಕೊಂದು ಅಂಟಿಕೊಂಡಿದ್ರ ಎರಡು ಕಾಳು ಒಂದೇ ಅಂತ ಲೆಕ್ಕ ಆಗ್ತದ, ಅಲ್ಲಿ ಡಿಸ್ಟನ್ಸ್ ಟ್ರಾನ್ಸ್‌ಫಾರ್ಮ್ ಕೆಲಸಕ್ಕ ಬರ್ತದ: ಪ್ರತಿ ಪಿಕ್ಸೆಲ್ ಅಂಚಿನಿಂದ ಎಷ್ಟು ದೂರ ಅದ ಅಂತ ಅಳೀತದ, ಕಾಳಿನ ನಡು ಗುಡ್ಡದಂಗ ಎದ್ದು ಕಾಣ್ತದ, ಎರಡು ಕಾಳು ಕೂಡಿದ ಜಾಗ ತಗ್ಗಾಗಿರ್ತದ. ಆ ತುದಿಗಳಿಗೆ ನಂಬರ್ ಕೊಟ್ಟು ವಾಟರ್‌ಶೆಡ್ ಅನ್ನೋ ಫಂಕ್ಷನ್‌ಗೆ ಬಿಟ್ರ ತಗ್ಗಿನಾಗ ಗೆರಿ ಎಳದು ಬಿಡಿಸಿ ಕೊಡ್ತದ. ಒಂದೊಂದು ಕಾಳಿನ ವಿಸ್ತೀರ್ಣ ನೋಡಿದ್ರ ನುಚ್ಚು ಯಾವುದು ಅಂತ ತಾನೇ ಗೊತ್ತಾಗ್ತದ. ಮಾಡೆಲ್ ಟ್ರೇನ್ ಮಾಡೋದು ಬ್ಯಾಡ, ಸಾವಿರಾರು ಫೋಟೋ ಬ್ಯಾಡ. ಕೂಡಿದ ಕಾಳು ಬಿಡಿಬಿಡಿಯಾಗಿ ಬ್ಯಾರೆ ಬ್ಯಾರೆ ಬಣ್ಣದಾಗ ಸ್ಕ್ರೀನ್ ಮ್ಯಾಲ ಬಂದಾಗ ಆಗೋ ಖುಷಿ ನನಗ ಇವತ್ತಿಗೂ ಕಮ್ಮಿ ಆಗಿಲ್ಲ.

ಅರ್ಧ ಸ್ಟಾರ್ ಕಟ್ ಮಾಡಿದ್ದು ಕನ್ನಡದ ಸಲುವಾಗಿ. ಪುಟ್‌ಟೆಕ್ಸ್ಟ್‌ನಾಗ "ನುಚ್ಚು" ಅಂತ ಬರೀಲಾಕ ಹೋದ್ರ ಫೋಟೋ ಮ್ಯಾಲ ಬರೇ ಪ್ರಶ್ನಾರ್ಥಕ ಚಿಹ್ನೆ ಬರ್ತಾವ, ಯಾಕಂದ್ರ ಅದರಾಗಿರೋ ಹರ್ಷೀ ಫಾಂಟ್‌ನಾಗ ನಮ್ಮ ಲಿಪಿ ಇಲ್ಲ. ಮಿಲ್ಲಿನಾಗ ಕೆಲಸ ಮಾಡೋ ಅಕ್ಕಂದಿರು ಕನ್ನಡದಾಗೇ ಓದಬೇಕಲ್ರಿ. ಇದಕ್ಕ ದಾರಿ ಅಂದ್ರ ಪಿಲ್ಲೋ ಲೈಬ್ರರಿ, ನೋಟೋ ಸಾನ್ಸ್ ಕನ್ನಡ ಫಾಂಟ್ ಹಾಕಿ ಅಕ್ಷರ ಅದರಾಗ ಬರ್ದು ತಿರುಗಿ ನಂಪೈಗೆ ತರೋದು, ಪಿಲ್ಲೋದಾಗ ಅಕ್ಷರ ಜೋಡಿಸೋ ರಾಕ್ಮ್ (Raqm) ಸಪೋರ್ಟ್ ಇರಬೇಕು, ಇಲ್ಲಂದ್ರ ಒತ್ತಕ್ಷರ ಕೆಳಗ ಕೂಡಂಗಿಲ್ಲ. ವಿಂಡೋಸ್‌ನಾಗ ಫೋಲ್ಡರ್ ಹೆಸರು ಕನ್ನಡದಾಗಿದ್ರ ಇಮ್‌ರೀಡ್ ಕೈ ಎತ್ತಿಬಿಡ್ತದ, ಅಲ್ಲಿ ನಂಪೈ ಫ್ರಮ್‌ಫೈಲ್‌ನಿಂದ ಬೈಟ್ ಓದಿ ಅದನ್ನ ಫೋಟೋ ಮಾಡೋ ಇಮ್‌ಡೀಕೋಡ್‌ಗೆ ಕೊಡ್ರಿ, ಆಗ್ತದ.

ಬರೇ ಫೋಟೋ ಕ್ರಾಪ್ ಮಾಡೋದು, ಸಣ್ಣದು ಮಾಡೋದು ಇದ್ರ ಇದೆಲ್ಲಾ ಬೇಕಾಗಿಲ್ಲ, ಪಿಲ್ಲೋ ಒಂದೇ ಸಾಕು. ಎಣಿಸೋದು, ಅಳಿಯೋದು, ವಿಡಿಯೋ ಇದ್ರ ಓಪನ್‌ಸಿವಿ ಹಾಕ್ಕೊಳ್ರಿ, ಅವರದೇ ಸೈಟಿನ ಪೈಥಾನ್ ಟ್ಯುಟೋರಿಯಲ್‌ನಾಗ ಥ್ರೆಶೋಲ್ಡಿಂಗ್ (ಕಪ್ಪು-ಬಿಳುಪು ಬ್ಯಾರೆ ಮಾಡೋದು), ಮಾರ್ಫಾಲಜಿ (ಸಣ್ಣ ಕಲೆ, ತೂತು ಸರಿ ಮಾಡೋದು), ಕಾಂಟೂರ್ಸ್ (ಅಂಚಿನ ಗೆರಿ ಹುಡುಕೋದು), ವಾಟರ್‌ಶೆಡ್ ಇದೇ ಸಾಲಿನಾಗ ಮಾಡ್ರಿ, ಆದ್ರ ಅಲ್ಲಿ ಕೊಟ್ಟ ಫೋಟೋ ಬಿಟ್ಟು ನಿಮ್ಮ ಮನ್ಯಾಗಿನ ಬ್ಯಾಳಿ, ಅಕ್ಕಿ, ಶೇಂಗಾ ಹರವಿ ಫೋಟೋ ಹೊಡದು ಮಾಡ್ರಿ.